ಅಕ್ಕ ತನ್ನದೆಂದ ಹಂಚು

ಹೋದ ಆಗಸ್ಟಿನಲ್ಲಿ ನಮ್ಮ ಹೋಟೆಲಿಗೊಂದು ದೊಡ್ಡ ಪಾತ್ರೆ ಬೇಕೆಂದು ಹಳೆಯ ಸಾಮಾನಿನ ಅಂಗಡಿಗೆ ಹೋಗಿದ್ದೆ. ಫುಕುವೋಕಾದಲ್ಲಿ ಅಂಥ ಅಂಗಡಿಗಳಿಗೆ ಕೊರತೆಯಿಲ್ಲ. ಪಾತ್ರೆ ಸಿಗಲಿಲ್ಲ. ಮೂಲೆಯಲ್ಲಿ ಹಳೆಯ ರೈಸ್ ಕುಕ್ಕರುಗಳ ಪಕ್ಕ ಮುಳ್ಳು ತಿರುಗುವ ತೂಕದ ಯಂತ್ರವೊಂದು ಬಿದ್ದಿತ್ತು, ಕಾಲಿಡುವ ಕಡೆ ಹಸಿರು ರಬ್ಬರು ಸವೆದು ಹೋದದ್ದು. ನಾನು ಯೋಚನೆ ಮಾಡದೆ ಅದರ ಮೇಲೆ ಹತ್ತಿ ನಿಂತೆ. ಶೂ ಬಿಚ್ಚಲಿಲ್ಲ, ಹೆಗಲ ಚೀಲ ಇಳಿಸಲಿಲ್ಲ, ಕೈಯಲ್ಲಿದ್ದ ಕೊಡೆಯನ್ನೂ ಬಿಡಲಿಲ್ಲ.

ಅಂಗಡಿಯ ಹುಡುಗಿ ಓಡಿ ಬಂದಳು. "ಸುಮಿಮಾಸೆನ್, ಕ್ಷಮಿಸಿ, ಚೀಲ ಕೆಳಗಿಟ್ಟರೆ ಸರಿಯಾದ ತೂಕ ಗೊತ್ತಾಗುತ್ತದೆ."

"ಇದೇ ಸರಿಯಾದ ತೂಕ," ಅಂದೆ.

ಅವಳು ನಗುತ್ತಾ ತಲೆಬಾಗಿಸಿ ಹೋದಳು. ಈ ಪರದೇಶಿಯ ತಲೆ ಸರಿಯಿಲ್ಲ ಅಂದುಕೊಂಡಿರಬೇಕು. ಆದರೆ ವಿಮಾನ ಹತ್ತುವವನು ಶೂ ಹಾಕಿಕೊಂಡೇ ಹತ್ತುತ್ತಾನೆ, ಚೀಲ ಹಿಡಿದುಕೊಂಡೇ ಹತ್ತುತ್ತಾನೆ. ತೂಕವನ್ನೂ ಹಾಗೆಯೇ ನೋಡಬೇಕು. ಇದನ್ನು ನನಗೆ ಕಲಿಸಿದವಳು ನನ್ನ ಅಕ್ಕ. ಮುಳ್ಳು ಇನ್ನೂ ಅಲ್ಲಾಡುತ್ತಿತ್ತು… ನಾನು ಕೆಳಗಿಳಿದೆ. ಆ ದಿನವೇ ತೀರ್ಮಾನ ಮಾಡಿದೆ, ಈ ವರ್ಷ ಹೇಳಿಯೇ ಬಿಡಬೇಕೆಂದು.

ನಾನು ಓದಿದ್ದು ಎಂಟನೆಯ ತರಗತಿಯವರೆಗೆ. ಊರು ಬೆಟಗೇರಿ. ಇಲ್ಲಿ ಒಂದು ಇಂಡಿಯನ್ ಹೋಟೆಲಿನಲ್ಲಿ ಅಡಿಗೆಯವನು. ಇಲ್ಲಿಯ ಕನ್ನಡ ಬಳಗದವರು ತಮ್ಮ ವರ್ಷದ ಪುಸ್ತಕಕ್ಕೆ ಏನಾದರೂ ಬರೆದುಕೊಡಿ, ಅಡಿಗೆಯ ವಿಷಯವಾದರೂ ನಡೆಯುತ್ತದೆ ಎಂದರು. ಇದನ್ನು ಅಡಿಗೆಯ ವಿಷಯ ಎಂದೇ ತಿಳಿಯಿರಿ. ಒಂದು ರೊಟ್ಟಿ ಹಂಚಿನ ವಿಷಯ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಮ್ಮೂರ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಕಲಿತವಳು. ಆ ಆಸ್ಪತ್ರೆಗೆ ಜಪಾನಿನಿಂದ ಒಬ್ಬ ಡಾಕ್ಟರಮ್ಮ ಬಂದು ಕೆಲವು ವರ್ಷ ಇದ್ದರು. ನಮ್ಮ ಚರ್ಚಿನಲ್ಲಿ ಕನ್ನಡದ ಹಾಡುಗಳನ್ನು ಪುಸ್ತಕ ನೋಡದೆ ಹಾಡುತ್ತಿದ್ದರು. ಅವರು ವಾಪಸು ಹೊರಟಾಗ ಅಕ್ಕ, ನಾನೂ ಬರುತ್ತೇನೆ ಎಂದಳು. ಮನೆಯವರು ನಕ್ಕರು. ಅವಳು ನಗಲಿಲ್ಲ. ಜಪಾನಿ ಭಾಷೆ ಕಲಿತು, ಇಲ್ಲಿಯ ನರ್ಸಿಂಗ್ ಪರೀಕ್ಷೆಗೆ ಕೂತಳು. ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದಳು. ನಾನು ಎಂಟನೆಯ ತರಗತಿಯಲ್ಲಿ ಒಂದೇ ಸಲ ಫೇಲಾಗಿ ಶಾಲೆಗೆ ಕೈಮುಗಿದವನು. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಅಷ್ಟೇ, ಅಷ್ಟೇ ದೊಡ್ಡದು.

ಡಾಕ್ಟರಮ್ಮ ಮತ್ತು ಅಕ್ಕ ಕೆಲಸ ಮಾಡುತ್ತಿದ್ದದ್ದು ಒಂದು ಸಣ್ಣ ಚರ್ಚಿನ ಮಿಷನ್ನಿನಲ್ಲಿ. ಆ ಮಿಷನ್ನಿಗೆ ಒಂದು ವಿಮಾನವಿತ್ತು. ವಿಮಾನ ಎಂದರೆ ನೀವು ಊರಿಂದ ಬಂದಿರಲ್ಲ, ಅಂಥದ್ದಲ್ಲ. ಮುಂದೆ ಒಂದು ಫ್ಯಾನು, ಒಳಗೆ ನಾಲ್ಕು ಸೀಟು, ಹಿಂದೆ ಬಾಲದ ಬುಡದಲ್ಲಿ ಸಾಮಾನಿಗೆ ಒಂದು ಗೂಡು. ಬಾಗಿಲು ನಮ್ಮ ಹಳೆಯ ಅಂಬಾಸಿಡರ್ ಕಾರಿನ ಬಾಗಿಲಿನ ಹಾಗೆ ಎರಡು ಸಲ ಬಡಿದರೇ ಕೂಡುತ್ತಿತ್ತು. ಫುಕುವೋಕಾದಿಂದ ರೈಲಿನಲ್ಲಿ ಒಂದೂವರೆ ಗಂಟೆ ದೂರದ ಸಣ್ಣ ರನ್‌ವೇಯಿಂದ ಪ್ರತಿ ಸೋಮವಾರ ಅದು ಪಶ್ಚಿಮದ ದ್ವೀಪಗಳಿಗೆ ಹಾರುತ್ತಿತ್ತು. ಆ ದ್ವೀಪಗಳಲ್ಲಿ ಉಳಿದವರೆಲ್ಲ ಮುದುಕ ಮುದುಕಿಯರು. ಸಮುದ್ರ ಕೆಟ್ಟರೆ ಹಡಗು ಬರುವುದಿಲ್ಲ, ಹಡಗು ಬರದಿದ್ದರೆ ಡಾಕ್ಟರಿಲ್ಲ. ಹಿಂದೆಂದೋ ಕಟ್ಟಿದ ಗಿಡ್ಡ ರನ್‌ವೇ ಮಾತ್ರ ಹುಲ್ಲು ಬೆಳೆಸಿಕೊಂಡು ಬಿದ್ದಿತ್ತು. ಮಿಷನ್ನಿನವರು ಆ ಹುಲ್ಲು ತೆಗೆಸಿ ಔಷಧ ಇಳಿಸಿದರು.

ಹಾರಿಸುತ್ತಿದ್ದವರನ್ನು ನಾವು ಪೈಲಟ್ ಸಾನ್ ಎನ್ನುತ್ತಿದ್ದೆವು, ಪೈಲಟ್ಟರು ಎಂದ ಹಾಗೆ. ಆಗಲೇ ಅರವತ್ತೈದು ದಾಟಿದ್ದರು. ಪ್ರಾಯದಲ್ಲಿ ನ್ಯೂಗಿನಿಯ ಗುಡ್ಡಗಾಡಿನಲ್ಲಿ ಇಪ್ಪತ್ತು ವರ್ಷ ಮಿಷನ್ ವಿಮಾನ ಹಾರಿಸಿ ಬಂದವರು. ದಾರಿಯಿಲ್ಲದ ಹಳ್ಳಿಗಳಿಂದ ಹೆರಿಗೆ ಕಷ್ಟವಾದ ಹೆಂಗಸರನ್ನು, ಮರದಿಂದ ಬಿದ್ದವರನ್ನು ಆಸ್ಪತ್ರೆಗೆ ತರುತ್ತಿದ್ದರಂತೆ. ಅಲ್ಲಿಯ ಪ್ರಯಾಣಿಕರು ಗೆಣಸಿನ ಚೀಲವನ್ನು ಸೀರೆಯಂಥ ಬಟ್ಟೆಯೊಳಗೆ ಬಚ್ಚಿಡುತ್ತಿದ್ದರು, ಒಬ್ಬಾಕೆ ಬಸುರಿ ಎಂದು ಹೇಳಿ ಹೊಟ್ಟೆಗೆ ಹಂದಿಮರಿ ಕಟ್ಟಿಕೊಂಡು ಬಂದಿದ್ದಳು, ಅದಕ್ಕೆ ಆಕಾಶದಲ್ಲಿ ಎಚ್ಚರವಾಯಿತು… ಈ ಕತೆಯನ್ನು ಅವರು ಹಂದಿಮರಿಯ ದನಿ ತೆಗೆದು ಹೇಳುತ್ತಿದ್ದರು. ನಾವು ನೆಲಕ್ಕೆ ಬಿದ್ದು ನಗುತ್ತಿದ್ದೆವು. "ಇನ್ನೊಂದು ಸಲ ಹೀಗೆಯೇ ನನ್ನ ಗೆಳೆಯನ ವಿಮಾನದಲ್ಲಿ…" ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿ ಚಹಾ ಕುಡಿಯುತ್ತಿದ್ದರು. ಆ ಕತೆ ನಾವು ಎಂದೂ ಪೂರ್ತಿ ಕೇಳಲಿಲ್ಲ.

ಅದಕ್ಕೇ ಅವರಿಗೆ ತೂಕವೆಂದರೆ ಪ್ರಾಣ. ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ತೂಕದ ಯಂತ್ರ ಇಟ್ಟು, ಔಷಧದ ಡಬ್ಬಿಯಿಂದ ಹಿಡಿದು ಡಾಕ್ಟರಮ್ಮನ ಊಟದ ಬುತ್ತಿಯವರೆಗೆ ಎಲ್ಲವನ್ನೂ ತೂಗಬೇಕು. ಮನುಷ್ಯರನ್ನೂ. ಆಮೇಲೆ ಅವರು ಟೊಪ್ಪಿಗೆ ತೆಗೆದು ಪ್ರಾರ್ಥನೆ ಮಾಡುತ್ತಿದ್ದರು. "ಮೊದಲು ತೂಕ, ಆಮೇಲೆ ಪ್ರಾರ್ಥನೆ. ಲೆಕ್ಕ ತಪ್ಪಿಸಿ ದೇವರನ್ನು ಪೇಚಿಗೆ ಸಿಕ್ಕಿಸಬಾರದು," ಎನ್ನುತ್ತಿದ್ದರು.

ತೂಗುವ ಕೆಲಸ ಅಕ್ಕನದು. ಕರಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದಳು. ಜಪಾನಿನವರಲ್ಲಿ ಹೆಂಗಸರ ತೂಕ ಕೇಳುವುದು ಮರ್ಯಾದೆಯಲ್ಲ, ಡಾಕ್ಟರಮ್ಮ ನಾಚಿಕೊಳ್ಳುತ್ತಾರೆಂದು ಅಕ್ಕ ಅವರ ಮತ್ತು ತನ್ನ ತೂಕ ಕೂಡಿಸಿ ಒಂದೇ ಅಂಕಿ ಬರೆಯುತ್ತಿದ್ದಳು. ನನಗೆ ಮಾತ್ರ ಆ ಮರ್ಯಾದೆ ಇರಲಿಲ್ಲ.

ನಾನು ಜಪಾನಿಗೆ ಬಂದದ್ದು ಅಕ್ಕ ಬಂದ ಮೇಲೆ, ಅವಳ ಪರಿಚಯದವರ ಮೂಲಕ. ಮೊದಲ ವರ್ಷ ಬಹಳ ಕಷ್ಟವಾಯಿತು. ಭಾಷೆ ಬಾರದು. ದಿನವಿಡೀ ತಂದೂರಿ ಒಲೆಯ ಮುಂದೆ ನಿಂತು, ನನ್ನ ಜನ್ಮದಲ್ಲೇ ತಿನ್ನದ ಊಟವನ್ನು ಭಾರತದ ಊಟವೆಂದು ಮಾಡಿಕೊಡುವುದು. ಸೋಮವಾರ ನಮ್ಮ ಹೋಟೆಲಿಗೆ ರಜೆ. ಕೋಣೆಯಲ್ಲಿ ಗೋಡೆ ನೋಡುತ್ತಾ ಮಲಗುತ್ತಿದ್ದೆ. ಅದನ್ನು ಕಂಡ ಅಕ್ಕ, ತಿಂಗಳ ಕೊನೆಯ ಸೋಮವಾರ ದ್ವೀಪಕ್ಕೆ ಕರೆದುಕೊಂಡು ಹೋಗತೊಡಗಿದಳು. ಔಷಧಕ್ಕೆ ಬಂದ ಹಿರಿಯರಿಗೆಲ್ಲ ಆ ದಿನ ಬಿಸಿ ಊಟ. ಅಡಿಗೆ ನನ್ನದು.

"ಲೇ, ಉಸಿರು ಬಿಗಿ ಹಿಡದ್ರ ತೂಕ ಕಮ್ಮಿ ಆಗಂಗಿಲ್ಲ. ಬಿಡು ಉಸಿರು," ಎಂದು ಯಂತ್ರದ ಮುಂದೆ ಕೂತು ಮುಳ್ಳು ನೋಡುತ್ತಿದ್ದಳು. "ಹೋದ ತಿಂಗಳಕಿಂತ ಎರಡು ಕಿಲೋ ಜಾಸ್ತಿ! ಗಿರಾಕಿಗೂ ಒಂದೀಟು ಉಳಸ್ತೀಯೋ, ಇಲ್ಲಾ ಎಲ್ಲಾ ನೀನ ಹೊಡೀತೀಯೋ?"

ಪೈಲಟ್ ಸಾನ್‌ಗೆ ಒಂದು ಪದವೂ ತಿಳಿಯದಿದ್ದರೂ ಅಕ್ಕನ ದನಿಗೇ ನಗುತ್ತಿದ್ದರು. ನನ್ನನ್ನು ಅವರು 'ಓತೋತೋ ಸಾನ್' ಎಂದು ಕರೆಯುತ್ತಿದ್ದರು. ಎಂದರೆ ತಮ್ಮ. ದ್ವೀಪದಲ್ಲೂ ಎಲ್ಲರೂ ಹಾಗೆಯೇ ಕರೆದರು. ತಟ್ಟೆ ಮುಗಿಸಿ ಮುದುಕರು ನನಗೆ ತಲೆಬಾಗುತ್ತಿದ್ದರು. ಶಾಲೆ ಬಿಟ್ಟವನೆಂದು ಊರಲ್ಲಿ ಯಾರೂ ಕೂಡಿಸಿ ಮಾತನಾಡದ ನನಗೆ… ಆ ಸೋಮವಾರಗಳ ಆಸೆ ಎಷ್ಟಿತ್ತೆಂದು ಈಗಲೂ ಹೇಳಲು ಬಾರದು.

ರನ್‌ವೇಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಸಕ್ಕರೆ ಕಾಯಿಲೆ. ಸೂಜಿಗೆ ಹೆದರುವವರು, ಅಕ್ಕನ ಕೈಯಾದರೆ ಮಾತ್ರ ತೋಳು ಚಾಚುತ್ತಿದ್ದರು. ಅವರ ಹೆದರಿಕೆ ಮರೆಸಲು ಅಕ್ಕ ನಮ್ಮೂರ ಸುದ್ದಿ ಹೇಳುತ್ತಿದ್ದಳು. ಅಂಗೈ ಮೇಲೆ ಬಡಿದು ಚಂದ್ರನಷ್ಟು ಅಗಲ ಮಾಡುವ ಜೋಳದ ರೊಟ್ಟಿಯ ಸುದ್ದಿಯನ್ನು ಹೇಳಿಬಿಟ್ಟಿದ್ದಳು. ಅಜ್ಜಿ ಪ್ರತಿ ತಿಂಗಳೂ ನನ್ನನ್ನು ಕೇಳುವುದು, "ಓತೋತೋ ಸಾನ್, ಆ ಚಂದ್ರ ಎಲ್ಲಿ?"

ಒಂದು ಮಾರ್ಚ್ ತಿಂಗಳಲ್ಲಿ ಊರಿಂದ ಬಂದವರೊಬ್ಬರು ನನಗೆ ಹತ್ತು ಕಿಲೋ ಜೋಳದ ಹಿಟ್ಟು ತಂದುಕೊಟ್ಟರು. ಹಂಚೂ ನನ್ನ ಬಳಿ ಇತ್ತು, ಕಬ್ಬಿಣದ್ದು, ಏಳು ಕಿಲೋ. ಎರಡನ್ನೂ ಹೊತ್ತುಕೊಂಡು ಶೆಡ್ಡಿಗೆ ಹೋದೆ. ಅಕ್ಕ ತೂಗಿ ನೋಡಿ ಕೆಳಗಿಟ್ಟಳು.

"ಯಕ್ಕಾ, ಅಜ್ಜಿ ಕೇಳಾಕತ್ತಾಳ."

"ಕೇಳಲಿ. ಏಳು ಕಿಲೋ ಅಂದ್ರ ಹದಿನಾಕು ಸಲೈನ್ ಬಾಟ್ಲಿ. ರೊಟ್ಟಿ ಯಾರ ನರದಾಗೂ ಏರಿಸಾಕ ಬರಂಗಿಲ್ಲ."

ಅಂದು ಸುಮ್ಮನಾದೆ. ಮುಂದಿನ ತಿಂಗಳು ಸುಮ್ಮನಾಗಲಿಲ್ಲ.

ಏಪ್ರಿಲ್ ಕೊನೆಯ ಸೋಮವಾರ. ಎಲ್ಲ ತೂಗಿ ಆಗಿತ್ತು. ಹಲಗೆಯ ಮೇಲೆ ಅಂಕಿ ಬರೆದಾಗಿತ್ತು, ವಿಮಾನ ಸರಿಯಾಗಿ ತುಂಬಿತ್ತು. ಅಕ್ಕ ದ್ವೀಪದ ಗಾಳಿ ಹೇಗಿದೆಯೆಂದು ಫೋನ್ ಮಾಡಲು ಒಳಗೆ ಹೋದಳು. ಪೈಲಟ್ ಸಾನ್ ಮುಂದಿನ ಫ್ಯಾನಿನ ಬಳಿ ಎಣ್ಣೆ ನೋಡುತ್ತಿದ್ದರು. ನಾನು ಪೊದೆಯ ಹಿಂದೆ ಇಟ್ಟಿದ್ದ ಹಂಚು, ಹಿಟ್ಟು ಎರಡನ್ನೂ ತಂದು ಬಾಲದ ಗೂಡಿನಲ್ಲಿ ಮಡಿಸಿಟ್ಟ ಕಂಬಳಿಗಳ ಅಡಿಗೆ ತುರುಕಿದೆ. ಅರ್ಧ ನಿಮಿಷದ ಕೆಲಸ. ಬರೀ ಹದಿನೇಳು ಕಿಲೋ, ಒಂದು ಮಗುವಿನಷ್ಟೂ ಇಲ್ಲ ಎಂದುಕೊಂಡೆ. ಆಮೇಲೆ ಎಲ್ಲರ ಜೊತೆ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆಯನ್ನೂ ಮಾಡಿದೆ.

ವಿಮಾನ ಓಡತೊಡಗಿತು. ರನ್‌ವೇ ಅರ್ಧವೂ ಆಗಿರಲಿಲ್ಲ, ಮೂತಿ ಅವಸರದಿಂದ ಮೇಲೆದ್ದಿತು, ಬಾಲ ಭಾರವಾದಾಗ ಆಗುವ ಹಾಗೆ. ಪೈಲಟ್ ಸಾನ್ ಇಂಜಿನ್ ವೇಗ ಇಳಿಸಿ, ಬ್ರೇಕು ಹಾಕಿ, ವಿಮಾನವನ್ನು ತಿರುಗಿಸಿಕೊಂಡು ಮೆಲ್ಲಗೆ ಶೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಇಳಿದು ಹೋಗಿ ಗೂಡಿನ ಬಾಗಿಲು ತೆಗೆದರು. ಕಂಬಳಿ ಎತ್ತಿದರು. ಹಂಚನ್ನು ಎರಡೂ ಕೈಯಲ್ಲಿ ಹಿಡಿದು ಬಂದು ನಮ್ಮ ಮುಂದೆ ನೆಲದ ಮೇಲಿಟ್ಟರು.

"ಇದು ಯಾರದು?"

ನನ್ನ ಬಾಯಿ ತೆರೆಯಿತು. ಆ ಚಿಕ್ಕ ಸಂದಿಯಲ್ಲಿ ಅಕ್ಕ ಜಪಾನಿಯಲ್ಲಿ, "ನನ್ನದು. ಕ್ಷಮಿಸಿ," ಎಂದು ಸೊಂಟ ಬಾಗಿಸಿಬಿಟ್ಟಳು.

ಪೈಲಟ್ ಸಾನ್ ಅವಳನ್ನು ನೋಡಿದರು. ಅಕ್ಕ ಅವರಿಗೆ ಎಂದೂ ಸುಳ್ಳು ಹೇಳಿದವಳಲ್ಲ. ಆದ್ದರಿಂದ ನಂಬಿದರು. ಅಲ್ಲಿಯ ನಿಯಮ ಗೋಡೆಯ ಮೇಲೆ ಬರೆದಿತ್ತು. ತೂಕ ಮುಚ್ಚಿಟ್ಟವರು ಮಿಷನ್ನಿನವರಾದರೆ ಮೂರು ತಿಂಗಳು ವಿಮಾನ ಹತ್ತುವಂತಿಲ್ಲ. ಹೊರಗಿನವರಾದರೆ ಇನ್ನೆಂದೂ ಹತ್ತುವಂತಿಲ್ಲ.

"ಮೂರು ತಿಂಗಳು, ನರ್ಸ್ ಸಾನ್," ಎಂದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ನಕ್ಕಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಅಕ್ಕ ಇಳಿದಳು. ಅವಳು ಐವತ್ತೆಂಟು ಕಿಲೋ. ಪೈಲಟ್ ಸಾನ್ ಹಲಗೆಯ ಮುಂದೆ ನಿಂತು ಹೊಸದಾಗಿ ಲೆಕ್ಕ ಹಾಕಿ, ಈಗ ಜಾಗವಿದೆ, ಹಂಚೂ ಹಿಟ್ಟೂ ಬರಬಹುದು ಎಂದರು. ಡಾಕ್ಟರಮ್ಮ ಅವುಗಳನ್ನು ಎತ್ತಿ ಅಕ್ಕನ ಸೀಟಿನ ಮೇಲಿಟ್ಟು ಬೆಲ್ಟು ಬಿಗಿದರು. ಅಕ್ಕ ಕೂರುವ ಜಾಗದಲ್ಲಿ, ಅವಳ ಬೆಲ್ಟು ಕಟ್ಟಿಕೊಂಡು ನನ್ನ ರೊಟ್ಟಿ ಹಂಚು ಹಾರಿತು. ಕಿಟಕಿಯಿಂದ ನೋಡಿದೆ. ಅಕ್ಕ ಕೆಳಗೆ ಒಬ್ಬಳೇ ನಿಂತು ಎರಡೂ ಕೈ ಬೀಸುತ್ತಿದ್ದಳು, ಜಾತ್ರೆಗೆ ಹೊರಟ ಮಕ್ಕಳಿಗೆ ಬೀಸುವ ಹಾಗೆ. ಚಿಕ್ಕವಳಾಗುತ್ತಾ ಹೋದಳು.

ದ್ವೀಪದಲ್ಲಿ ಅಜ್ಜಿ ಕೇಳಿದರು, "ನರ್ಸ್ ಸಾನ್ ಎಲ್ಲಿ?"

"ತೂಕ ಜಾಸ್ತಿಯಾಯಿತು," ಎಂದರು ಡಾಕ್ಟರಮ್ಮ.

"ಅವಳು ಅಷ್ಟೇನು ದಪ್ಪ ಇಲ್ಲವಲ್ಲ!"

ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಹಿಟ್ಟು ನಾದಿದೆ. ರೊಟ್ಟಿ ಬಡಿಯುವ ಸದ್ದಿಗೆ ಮುದುಕರೆಲ್ಲ ಸುತ್ತ ನೆರೆದು ಚಪ್ಪಾಳೆ ತಟ್ಟಿದರು. ಅಜ್ಜಿ ಬಿಸಿ ರೊಟ್ಟಿಗೆ ಮಿಸೋ ಎಂಬ ಸೋಯಾ ಗೊಜ್ಜು ಸವರಿಕೊಂಡು ಎರಡು ತಿಂದರು. ಸೂಜಿಗೆ ಮಾತ್ರ ಡಾಕ್ಟರಮ್ಮನ ಮುಂದೆ ತೋಳು ಚಾಚದೆ ಅರ್ಧ ಗಂಟೆ ಹಟ ಮಾಡಿದರು. ಹೊರಡುವಾಗ ಒಂದು ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ನರ್ಸ್ ಸಾನ್‌ಗೆ. ಸಣ್ಣಗಾಗಿ ಬೇಗ ಬರಲಿ."

ಸಂಜೆ ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ ಕೂತು ಅಕ್ಕ ಆ ರೊಟ್ಟಿ ತಿಂದಳು.

"ಉಪ್ಪು ಕಮ್ಮಿ ಆಗೇತಿ," ಅಂದಳು.

"ಯಕ್ಕಾ, ನೀ ಯಾಕ ನಂದು ಅಂದಿ?"

"ಮತ್ತೇನ್ ಅನ್ಲಿ? ನಿನ್ನ ಮಾರಿ ನೋಡಿದೆ, ಕೋಳಿ ಕದ್ದಾವನ ಮಾರಿ ಆಗಿತ್ತು. ನಂಗ ಮೂರು ತಿಂಗಳು. ನಿಂಗಾದ್ರ ಜನ್ಮಪೂರ್ತಿ. ಯಾವ್ದು ಹಗುರ, ನೀನ ತೂಗಿ ಹೇಳು."

"ನಾ ಅವರಿಗೆ ಹೇಳ್ತೀನಿ."

"ಹೇಳು," ಅಂದಳು. ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದಳು. "ಆದ್ರ ಹೇಳಾವ ನೀನ. ನಾ ಹೇಳಂಗಿಲ್ಲ, ಹೇಳಂತ ಬೆನ್ನೂ ಹತ್ತಂಗಿಲ್ಲ."

ನಾನು ಹೇಳಲಿಲ್ಲ.

ಹೇಳದಿದ್ದದ್ದಷ್ಟೇ ಆದರೆ ಇಷ್ಟು ಬರೆಯುತ್ತಿರಲಿಲ್ಲ. ಮೇ ತಿಂಗಳ ಕೊನೆಯ ಸೋಮವಾರ ನಾನು ಮತ್ತೆ ಹೋದೆ. ಜೂನಿನಲ್ಲೂ ಹೋದೆ. ಅಕ್ಕ ನನ್ನನ್ನು ತೂಗಿ, ಹಲಗೆಯ ಮೇಲೆ ಬರೆದು, ತಮಾಷೆ ಮಾಡಿ, ಬಾಗಿಲು ಎರಡು ಸಲ ಬಡಿದು ಹಾಕಿ, ಹಿಂದೆ ಸರಿದು ನಿಲ್ಲುತ್ತಿದ್ದಳು. ನಾನು ಅವಳು ಕೂರುತ್ತಿದ್ದ ಕಿಟಕಿಯ ಪಕ್ಕ ಕೂರುತ್ತಿದ್ದೆ. ಸಮುದ್ರದ ಮೇಲೆ ನಮ್ಮ ವಿಮಾನದ ನೆರಳು ಮೀನಿನ ಹಾಗೆ ಓಡುವುದನ್ನು ನೋಡುತ್ತಿದ್ದೆ. ಖುಷಿಯಾಗುತ್ತಿತ್ತು. ಬರೆಯಲು ನಾಚಿಕೆ, ಆದರೂ ಸುಳ್ಳು ಬರೆಯಲಾರೆ. ಬಹಳ ಖುಷಿಯಾಗುತ್ತಿತ್ತು. ಈ ಸೋಮವಾರ ಒಂದು ಮುಗಿಯಲಿ, ಮುಂದಿನ ತಿಂಗಳು ಹೇಳುತ್ತೇನೆ ಎನ್ನುತ್ತಿದ್ದೆ.

ಅಕ್ಕ ಆ ಮೂರು ತಿಂಗಳು ವಿಮಾನ ತೊಳೆದಳು. ನಿಯಮದಲ್ಲಿ ಅದೂ ಇತ್ತು. ಪ್ಯಾಂಟು ಮೊಣಕಾಲಿಗೆ ಮಡಿಸಿ, ರೆಕ್ಕೆಯ ಮೇಲೆ ಸೋಪು ನೀರು ಹಾಕಿ ಉಜ್ಜುತ್ತಾ ನಮ್ಮ ಚರ್ಚಿನ ಹಾಡುಗಳನ್ನು ಹಾಡುತ್ತಿದ್ದಳು. "ಎಮ್ಮಿ ಮೈ ತೊಳದಂಗ ಆಗ್ತೈತಿ, ಬಾಲ ಒಂದ್ ಬೀಸಂಗಿಲ್ಲ ಅಷ್ಟ," ಎಂದು ನಗುತ್ತಿದ್ದಳು. ಪೈಲಟ್ ಸಾನ್ ಪಕ್ಕದಲ್ಲಿ ಕೂತು ರಾಗಕ್ಕೆ ತಲೆದೂಗುತ್ತಿದ್ದರು. ನಾವು ಹಾರಿ ಹೋದ ಮೇಲೆ ಮಾತ್ರ ಅವಳು ಏನು ಮಾಡುತ್ತಿದ್ದಳೋ ತಿಳಿಯದು. ಕೇಳಲೇ ಇಲ್ಲ.

ಜುಲೈ ತಿಂಗಳಲ್ಲಿ ಪೈಲಟ್ ಸಾನ್‌ಗೆ ವರ್ಷದ ಪರೀಕ್ಷೆ. ಅದರಲ್ಲಿ ಅವರ ಬಲಗಣ್ಣಿನ ದೋಷ ಸಿಕ್ಕಿತು. ಇನ್ನು ಹಾರಿಸುವಂತಿಲ್ಲ ಎಂದರು. ಬೇರೆ ಪೈಲಟ್ ಸಿಗಲಿಲ್ಲ. ಅಷ್ಟು ಹೊತ್ತಿಗೆ ದ್ವೀಪಗಳಿಗೆ ಸರಕಾರದ ಹೆಲಿಕಾಪ್ಟರೂ ಬರತೊಡಗಿತ್ತು, ಕ್ಯಾಮೆರಾದಲ್ಲಿ ಡಾಕ್ಟರು ಮಾತಾಡುವ ವ್ಯವಸ್ಥೆಯೂ ಆಗಿತ್ತು. ಮಿಷನ್ನಿನವರು ವಿಮಾನ ಮಾರಿದರು. ಹಾರಾಟ ನಿಂತಾಗ ಅಕ್ಕನ ಮೂರು ತಿಂಗಳು ಮುಗಿಯಲು ಒಂದೇ ಒಂದು ಸೋಮವಾರ ಉಳಿದಿತ್ತು.

ವಿಮಾನ ಕೊಂಡವರು ಅದನ್ನು ತೆಗೆದುಕೊಂಡು ಹೋದ ದಿನ ಅಕ್ಕ ಬೆಳಿಗ್ಗೆಯೇ ಹೋಗಿ ಕೊನೆಯ ಸಲ ತೊಳೆದು ಒರೆಸಿದಳಂತೆ. ನಾನು ಹೋಗಲಿಲ್ಲ. ಹೋಟೆಲಿನಲ್ಲಿ ಕೆಲಸ ಜಾಸ್ತಿ ಎಂದು ಫೋನ್ ಮಾಡಿದೆ. ಕೆಲಸ ಜಾಸ್ತಿ ಇರಲಿಲ್ಲ.

ಆಮೇಲೆ ಅಕ್ಕ ಫುಕುವೋಕಾದಲ್ಲೇ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿದ್ದಳು. ಹಂಚಿನ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ನಾಲ್ಕು ವರ್ಷದ ಕೆಳಗೆ ತೀರಿಕೊಂಡಳು. ಕಾಯಿಲೆ ಗೊತ್ತಾದ ಮೇಲೆ ಐದು ತಿಂಗಳೂ ಇರಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ತೂಗುವಾಗ, "ಈಗ ನೋಡ್ಲೇ, ನಾನೂ ಹಂಚೂ ಇಬ್ಬರೂ ಹೋಗಬಹುದಿತ್ತು," ಎಂದು ಒಂದೇ ಸಲ ಅಂದಳು. ಅಂದು ನಕ್ಕಳು. ನಾನು ನೀರು ತರುವ ನೆಪದಲ್ಲಿ ಹೊರಗೆ ಹೋದೆ…

ಆ ವಿಮಾನದ ಕೆಲಸದಲ್ಲಿದ್ದವರು ಪ್ರತಿ ವರ್ಷ ಸೆಪ್ಟೆಂಬರಿನ ಮೊದಲ ಸೋಮವಾರ ಚರ್ಚಿನ ಹಾಲಿನಲ್ಲಿ ಸೇರುತ್ತಾರೆ. ಅಡಿಗೆ ನನ್ನದೇ. ಊಟವಾದ ಮೇಲೆ ಹಳೆಯ ಕತೆಗಳು. ಹಂದಿಮರಿಯ ಕತೆ ಮೊದಲು, ಅದರ ಹಿಂದೆಯೇ ನರ್ಸ್ ಸಾನ್ ಹಂಚು ಬಚ್ಚಿಟ್ಟ ಕತೆ. ಪೈಲಟ್ ಸಾನ್ ಎದ್ದು ನಿಂತು ಅಭಿನಯಿಸಿ ತೋರಿಸುತ್ತಾರೆ. ವರ್ಷದಿಂದ ವರ್ಷಕ್ಕೆ ಹಂಚು ದೊಡ್ಡದಾಗುತ್ತಾ ಬಂದಿದೆ. ಹೋದ ವರ್ಷ ಅದು ಬಂಡಿಯ ಗಾಲಿಯಷ್ಟಾಗಿತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಅಕ್ಕನ ಅಂತ್ಯಕ್ರಿಯೆಯ ದಿನವೂ ಅದನ್ನೇ ಹೇಳಿದರು, ಅಳುತ್ತಾ ನಕ್ಕರು. ಅಷ್ಟು ಒಳ್ಳೆಯ ಕೆಲಸ ಮಾಡಿದವಳ ಬಗ್ಗೆ ಎಲ್ಲರಿಗೂ ನೆನಪಿರುವುದು ಅವಳು ಮಾಡದ ಆ ಒಂದು ತಪ್ಪು. ಪ್ರೀತಿಯಿಂದಲೇ ನೆನೆಯುತ್ತಾರೆ, ನಿಜ. ನಾನೂ ಪ್ರತಿ ವರ್ಷ ಎಲ್ಲರ ಜೊತೆ ನಗುತ್ತಿದ್ದೆ.

ಈ ಸೆಪ್ಟೆಂಬರಿನಲ್ಲಿ ಪೈಲಟ್ ಸಾನ್ ಕಥೆ ಹೇಳುತ್ತಾ, "ಇದು ಯಾರದು ಎಂದೆ! ನರ್ಸ್ ಸಾನ್ ಹೀಗೆ ಬಾಗಿ…" ಎನ್ನುತ್ತಿದ್ದಂತೆ ನಾನು ಎದ್ದು ನಿಂತೆ. ಕೈಯಲ್ಲಿ ಸೌಟು ಇತ್ತು.

"ನನ್ನದು," ಎಂದೆ. "ನಾನು ಇಟ್ಟೆ. ಅಕ್ಕನಿಗೆ ಗೊತ್ತೇ ಇರಲಿಲ್ಲ."

ಮೊದಲು ಎಲ್ಲರೂ ನಕ್ಕರು, ಕಥೆಗೆ ಹೊಸ ಕೊಂಡಿ ಹಾಕುತ್ತಿದ್ದೇನೆ ಎಂದುಕೊಂಡು. ನಾನು ನಗದೆ ನಿಂತದ್ದು ಕಂಡು ಒಬ್ಬೊಬ್ಬರೇ ಸುಮ್ಮನಾದರು. ಡಾಕ್ಟರಮ್ಮ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟರು. ನನ್ನ ಹರಕು ಮುರುಕು ಜಪಾನಿಯಲ್ಲಿ ಪೂರ್ತಿ ಹೇಳಿದೆ. ಪೊದೆ, ಕಂಬಳಿ, ಮೇ ತಿಂಗಳು, ಜೂನ್ ತಿಂಗಳು, ಕಿಟಕಿಯ ಸೀಟು.

ಪೈಲಟ್ ಸಾನ್ ಕೇಳಿದ ಮೊದಲ ಪ್ರಶ್ನೆ, "ಒಟ್ಟು ಎಷ್ಟು ಕಿಲೋ?"

"ಹದಿನೇಳು."

"ನನಗೆ ಹದಿನಾರು ಎಂದು ನೆನಪಿತ್ತು," ಎಂದರು. ಯಾರೋ ಕಿಸಕ್ಕೆಂದರು. ಆಮೇಲೆ ಅವರ ಮುಖ ಮೆಲ್ಲಗೆ ಬದಲಾಯಿತು. "ಹಾಗಾದರೆ… ಮೂರು ತಿಂಗಳು ನಾನು ತಪ್ಪು ಮಾಡದವರನ್ನು ಕೆಳಗಿಳಿಸಿದೆ."

ಇದನ್ನು ನಾನು ಯೋಚಿಸಿರಲಿಲ್ಲ. ಹೇಳಿಬಿಟ್ಟರೆ ನನ್ನ ಎದೆ ಹಗುರಾಗುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದೆ. ಅದು ಅವರ ಎದೆಯ ಮೇಲೆ ಹೋಗಿ ಕೂರುತ್ತದೆಂದು ಹೊಳೆದಿರಲಿಲ್ಲ. ಅವರು ಮೇಜು ಹಿಡಿದುಕೊಂಡು ಎದ್ದರು. ಗೋಡೆಯ ಮೇಲೆ ತೀರಿಕೊಂಡವರ ಫೋಟೋಗಳ ಸಾಲಿದೆ. ಅಕ್ಕನ ಫೋಟೋದ ಮುಂದೆ ಹೋಗಿ ನಿಂತು ಸೊಂಟ ಬಾಗಿಸಿದರು. ಎಂಬತ್ತರ ಹತ್ತಿರದ ಮನುಷ್ಯ. ಎಷ್ಟು ಹೊತ್ತಾದರೂ ಮೇಲೇಳಲಿಲ್ಲ. ಕುರ್ಚಿಗಳು ಸರಿದ ಸದ್ದಾಯಿತು. ನೋಡಿದರೆ ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತು ಬಾಗಿದ್ದರು. ಸೌಟು ಹಿಡಿದುಕೊಂಡು ನಾನೂ ಬಾಗಿದೆ.

ಅವರು ತಿರುಗಿ ನನ್ನ ಹತ್ತಿರ ಬಂದರು. ಬೈದರೆ ಸಾಕು ಎನಿಸಿತ್ತು.

"ಓತೋತೋ ಸಾನ್, ಹೊರಗಿನವರಿಗೆ ಏನು ನಿಯಮ?"

"ಇನ್ನೆಂದೂ ಹತ್ತುವಂತಿಲ್ಲ."

"ನೀನು ಇಷ್ಟು ವರ್ಷ ನಮಗೆಲ್ಲ ಊಟ ಹಾಕಿದ್ದೀಯ. ಹೊರಗಿನವನು ಎನ್ನಲಾರೆ. ಮಿಷನ್ನಿನವರ ನಿಯಮವೇ ಸರಿ. ಇಂದಿನಿಂದ ಮೂರು ತಿಂಗಳು ನಿನ್ನ ಕಾಲು ನೆಲ ಬಿಡಕೂಡದು."

ಈಗ ಎಲ್ಲರಿಗೂ ಉಸಿರು ಬಂತು, ನಗು ಬಂತು. "ಆ ವಿಮಾನ ಈಗ ಎಲ್ಲಿದೆ?" ಎಂದರು ಒಬ್ಬರು. ನಾನು, "ಅಕ್ಟೋಬರಿನಲ್ಲಿ ಊರಿಗೆ ಟಿಕೆಟ್ಟಾಗಿದೆಯಲ್ಲ," ಎಂದೆ.

ಪೈಲಟ್ ಸಾನ್ ಮಾತ್ರ ನಗಲಿಲ್ಲ. "ಅದೂ ವಿಮಾನವೇ," ಎಂದರು.

ಟಿಕೆಟ್ಟನ್ನು ಡಿಸೆಂಬರಿಗೆ ಬದಲಾಯಿಸಿದೆ. ಹೋಟೆಲಿನ ಮಾಲೀಕರು ಗೊಣಗಿದರು, ಕ್ರಿಸ್ಮಸ್ಸಿಗೆ ಇನ್ನೊಬ್ಬ ಅಡಿಗೆಯವನನ್ನು ಎಲ್ಲಿಂದ ತರಲಿ ಎಂದು. ಊರಲ್ಲಿರುವ ಹೆಂಡತಿಗೆ ಫೋನ್ ಮಾಡಿದರೆ ಅವಳು ಗಾಬರಿಯಾದಳು.

"ಡಿಸೆಂಬರ್ ತ್ಯಾನ ನೆಲಾ ಬಿಡಬಾರ್ದಂದ್ರ ಏನ್ರೀ ಅದು? ಪೊಲೀಸ್ರು ಹಿಡದಾರೇನು?"

"ಪೊಲೀಸ್ರಲ್ಲ. ಪೈಲಟ್ರು."

ಎಲ್ಲ ಹೇಳಿದೆ. ಅವಳಿಗೂ ಇದೇ ಮೊದಲು ಹೇಳಿದ್ದು. "ಆತು ಬಿಡ್ರಿ," ಅಂದಳು. "ಕ್ರಿಸ್ಮಸ್ಸಿಗೆ ಬಂದ್ರೂ ಛಲೋನ ಆತು. ಪೂರಾ ಮುಗಿಸಿ ಬರ್ರಿ. ಒಂದ್ ದಿನಾನೂ ಕಮ್ಮಿ ಮಾಡಬ್ಯಾಡ್ರಿ."

ಈಗ ನವೆಂಬರಿನ ನಡುವೆ ಇದ್ದೇನೆ. ಸೋಮವಾರ ಸೋಮವಾರ ಪೈಲಟ್ ಸಾನ್ ಮನೆಗೆ ಹೋಗುತ್ತೇನೆ. ತೊಳೆಯಲು ವಿಮಾನವಿಲ್ಲ, ಅವರ ಮಗಳ ಕಾರು ತೊಳೆಯುತ್ತೇನೆ. ಅವರು ವರಾಂಡದಲ್ಲಿ ಕೂತು, "ಬಾಗಿಲ ಕೆಳಗೆ ಇನ್ನೂ ಕೆಸರಿದೆ," ಎಂದು ತೋರಿಸುತ್ತಾರೆ. ಅವರಿಗೆ ಒಂದೇ ಕಣ್ಣು ಕಾಣುವುದು, ಆದರೆ ಕೆಸರು ಮಾತ್ರ ತಪ್ಪಿಸಿಕೊಳ್ಳುವುದಿಲ್ಲ. ಹೋದ ವಾರ ಅಕ್ಕನ ಒಂದು ಹಾಡಿನ ರಾಗವನ್ನು ಮೂಗಿನಲ್ಲೇ ಗುನುಗಿದರು. ಒಂದು ಸಾಲು ತಪ್ಪಿತ್ತು. ನಾನು ತಿದ್ದಿಕೊಟ್ಟೆ.

ಫುಕುವೋಕಾದಲ್ಲಿ ವಿಮಾನ ನಿಲ್ದಾಣ ಊರ ನಡುವೆಯೇ ಇದೆ. ನಮ್ಮ ಅಡಿಗೆ ಮನೆಯ ಮೇಲೆಯೇ ವಿಮಾನಗಳು ಗಾಲಿ ಇಳಿಸಿಕೊಂಡು ಹೋಗುತ್ತವೆ. ಇಷ್ಟು ವರ್ಷ ಅವುಗಳ ಸದ್ದು ನನಗೆ ಕುಕ್ಕರಿನ ಸೀಟಿಯ ಹಾಗಿತ್ತು, ಇದ್ದರೂ ಕೇಳುತ್ತಿರಲಿಲ್ಲ. ಈಗ ಒಂದೊಂದಕ್ಕೂ ಹಿಂಬಾಗಿಲಿಗೆ ಬಂದು ಕತ್ತೆತ್ತುತ್ತೇನೆ. ಅದು ಕಟ್ಟಡಗಳ ಹಿಂದೆ ಮರೆಯಾದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತೇನೆ. ಒಳಗಿನಿಂದ ಹುಡುಗರು ಕೂಗುತ್ತಾರೆ, ಒಗ್ಗರಣೆ ಸೀದಿತು ಎಂದು. ನಾವು ಹಾರಿ ಹೋದ ಮೇಲೆ ಅಕ್ಕ ಏನು ಮಾಡುತ್ತಿದ್ದಳೆಂದು ಈಗ ಸ್ವಲ್ಪ ತಿಳಿಯುತ್ತದೆ.

ಇನ್ನು ಮೂರು ವಾರ. ಆಮೇಲೆ ನಾನು ವಿಮಾನ ಹತ್ತಬಹುದು, ಟಿಕೆಟ್ಟು ಪೆಟ್ಟಿಗೆಯಲ್ಲಿದೆ. ಅಕ್ಕನ ಮೂರು ತಿಂಗಳು ಮುಗಿದ ದಿನ ಅವಳು ಹತ್ತಲು ಅಲ್ಲಿ ವಿಮಾನವೇ ಇರಲಿಲ್ಲ.